ನೀತಿ ಬಂದರೆ ಸಾಲದು, ಕಿಟಕಿಯವರೆಗೆ ತಲುಪಬೇಕು
ವಿಶ್ವವಿದ್ಯಾಲಯಗಳ ಸಿಬಂದಿಗೆ ನಾಯಕತ್ವ, ಸಂಪರ್ಕ ಮತ್ತು ನೀತಿ ಅನುಷ್ಠಾನದ ತರಬೇತಿ: ಒಂದು ಅವಲೋಕನ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ನಮ್ಮ ಹಿರಿಯರಿಂದ ಬಂದ ಗಾದೆ. ವಿಶ್ವವಿದ್ಯಾಲಯದ ಕಚೇರಿಯ ಕಿಟಕಿಯ ಎದುರು ಅರ್ಧ ದಿನ ನಿಂತು, ಕೊನೆಗೆ 'ನಾಳೆ ಬನ್ನಿ' ಎಂಬ ಉತ್ತರದೊಂದಿಗೆ ಲೋಕಲ್ ಹಿಡಿದು ಮನೆಗೆ ಮರಳಿದ ಯಾವ ಹೆತ್ತವರಿಗೂ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿಲ್ಲಿಯಲ್ಲಿ ಶಿಕ್ಷಣ ನೀತಿ ರೂಪುಗೊಳ್ಳುತ್ತದೆ, ಮಂತ್ರಾಲಯದಿಂದ ಆದೇಶ ಹೊರಡುತ್ತದೆ, ವಿಶ್ವವಿದ್ಯಾಲಯದಿಂದ ಸುತ್ತೋಲೆ ಬರುತ್ತದೆ. ಆದರೆ ವಿದ್ಯಾರ್ಥಿಗೆ ಅದು ದಕ್ಕುವುದು ವಿಭಾಗದ ಮುಖ್ಯಸ್ಥರು, ಪರೀಕ್ಷಾ ವಿಭಾಗದ ಅಧಿಕಾರಿ ಮತ್ತು ಕಿಟಕಿಯ ಹಿಂದೆ ಕುಳಿತ ಗುಮಾಸ್ತರ ಕೈಯಿಂದ. ಆ ಪೂಜಾರಿಯನ್ನು ಬಯ್ಯುವ ಮುನ್ನ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಗರ್ಭಗುಡಿಯ ಬೀಗದ ಕೈಯನ್ನು ಆತನಿಗೆ ಯಾರಾದರೂ ಕೊಟ್ಟಿದ್ದಾರೆಯೇ?

ವಿಶ್ವವಿದ್ಯಾಲಯಗಳ ಬೋಧಕ ಹಾಗೂ ಬೋಧಕೇತರ ಸಿಬಂದಿಗೆ ನಾಯಕತ್ವ, ಪರಸ್ಪರ ಸಂಪರ್ಕ ಮತ್ತು ನೀತಿಗಳ ಅನುಷ್ಠಾನದ ಬಗ್ಗೆ ತರಬೇತಿ ನೀಡುವ ಮಾತು ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಹೆಚ್ಚು ಕೇಳಿಬರುತ್ತಿದೆ. ಕೇಳುವುದಕ್ಕೆ ಒಣ ವಿಷಯದಂತೆ ಕಂಡರೂ ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಪ್ರತಿಯೊಂದು ಮನೆಗೂ ಇದು ಸಂಬಂಧಿಸಿದ್ದು. ಅದರಲ್ಲೂ ಒಂದು ಕಾಲನ್ನು ಊರಿನಲ್ಲೂ ಇನ್ನೊಂದು ಕಾಲನ್ನು ಮಹಾನಗರದಲ್ಲೂ ಇಟ್ಟು ಬದುಕುವ ತುಳು-ಕನ್ನಡಿಗರಿಗೆ ಇದರ ಬಿಸಿ ಸ್ವಲ್ಪ ಹೆಚ್ಚೇ ತಟ್ಟುತ್ತದೆ.

2017ರ ಕಹಿ ಪಾಠ

ತರಬೇತಿಯಿಲ್ಲದ ಅನುಷ್ಠಾನ ಎಂತಹ ಅನಾಹುತಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. 1857ರ ಜುಲೈ 18ರಂದು ಸ್ಥಾಪನೆಗೊಂಡ ಮುಂಬಯಿ ವಿಶ್ವವಿದ್ಯಾಲಯ ದೇಶದ ಅತ್ಯಂತ ಹಳೆಯ ಮೂರು ಆಧುನಿಕ ವಿಶ್ವವಿದ್ಯಾಲಯಗಳಲ್ಲಿ ಒಂದು. ಅದರ ವ್ಯಾಪ್ತಿ ಮುಂಬಯಿ ನಗರ, ಉಪನಗರ, ಥಾಣೆ, ಪಾಲ್ಘರ್, ರಾಯಗಡ, ರತ್ನಾಗಿರಿ, ಸಿಂಧುದುರ್ಗ ಹೀಗೆ ಏಳು ಜಿಲ್ಲೆಗಳಿಗೆ ಹಬ್ಬಿದ್ದು, ಏಳುನೂರಕ್ಕೂ ಹೆಚ್ಚು ಕಾಲೇಜುಗಳು ಅದರ ಅಡಿಯಲ್ಲಿವೆ. 2017ರ ಬೇಸಗೆಯಲ್ಲಿ ಈ ವಿಶ್ವವಿದ್ಯಾಲಯ ಎಲ್ಲ ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆಯೇ ಮೌಲ್ಯಮಾಪನ ನಡೆಸಲು ತೀರ್ಮಾನಿಸಿತು. ಅದರ ಉದ್ದೇಶದಲ್ಲಿ ದೋಷವಿರಲಿಲ್ಲ. ಪತ್ರಿಕೆ ಕಳೆದುಹೋಗುವುದಿಲ್ಲ, ಅಂಕಗಳ ಕೂಡಿಕೆಯಲ್ಲಿ ತಪ್ಪಾಗುವುದಿಲ್ಲ, ಮರು ಮೌಲ್ಯಮಾಪನ ಸುಲಭ ಎಂಬ ಸದಾಶಯವೇ ಇತ್ತು.

ಆದರೆ ಸುಮಾರು 17 ಲಕ್ಷ ಉತ್ತರ ಪತ್ರಿಕೆಗಳು, 477 ಪರೀಕ್ಷೆಗಳು ಒಮ್ಮೆಲೇ ಹೊಸ ವ್ಯವಸ್ಥೆಯೊಳಗೆ ಬಂದು ಬಿದ್ದವು. ಪರದೆಯ ಮೇಲೆ ಪತ್ರಿಕೆ ತಿದ್ದುವ ಅಭ್ಯಾಸವಿಲ್ಲದ ಅಧ್ಯಾಪಕರು, ಹೊಸ ವ್ಯವಸ್ಥೆಗೆ ಸಜ್ಜಾಗದ ಕೇಂದ್ರಗಳು ಮತ್ತು ಯಾರನ್ನು ಕೇಳಬೇಕೆಂದು ತಿಳಿಯದ ಸಿಬಂದಿಯ ನಡುವೆ ಕೆಲಸ ಕುಂಟಿತು. ಕುಲಪತಿಯೂ ಆದ ರಾಜ್ಯಪಾಲರು ವಿಧಿಸಿದ ಜುಲೈ 31ರ ಗಡುವೂ ಮೀರಿಹೋಗಿ, ಫಲಿತಾಂಶಗಳು ಸೆಪ್ಟಂಬರ್ ವರೆಗೂ ಒಂದೊಂದಾಗಿ ತೆವಳುತ್ತ ಬಂದವು. ಅಂಕಪಟ್ಟಿಯಿಲ್ಲದೆ ಮುಂದಿನ ಓದಿಗೂ ಉದ್ಯೋಗಕ್ಕೂ ಅರ್ಜಿ ಹಾಕಲಾಗದೆ ಸಹಸ್ರಾರು ವಿದ್ಯಾರ್ಥಿಗಳು ಪರದಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕುಲಗುರುಗಳನ್ನು ಹುದ್ದೆಯಿಂದ ವಜಾಗೊಳಿಸಲಾಯಿತು.

ತರಬೇತಿಯ ಕೊರತೆಯೊಂದೇ ಇದಕ್ಕೆ ಕಾರಣವೆಂದರೆ ಅತಿಶಯೋಕ್ತಿಯಾದೀತು. ಅವಸರವಿತ್ತು, ತಾಂತ್ರಿಕ ತೊಡಕುಗಳಿದ್ದವು. ಆದರೆ ಒಂದು ಸಣ್ಣ ವಿಭಾಗದಲ್ಲಿ ಮೊದಲು ಪ್ರಯೋಗ ನಡೆಸಿ, ಅಧ್ಯಾಪಕರಿಗೂ ಕಚೇರಿಯವರಿಗೂ ಮುಂಚಿತವಾಗಿ ಕೈ ಪಳಗಿಸಿ, ತೊಡಕು ಬಂದಾಗ ಯಾರು ಹೊಣೆ ಎಂಬುದನ್ನು ಗೊತ್ತುಪಡಿಸಿದ್ದರೆ ಹಾನಿ ಇಷ್ಟಾಗುತ್ತಿರಲಿಲ್ಲ ಎಂಬುದಂತೂ ನಿಜ. ನೀತಿ ಅನುಷ್ಠಾನದ ತರಬೇತಿ ಎಂದರೆ ಇದುವೇ. ಅದು ಭಾಷಣ ಕೇಳಿಸಿ ಚಹಾ ಕುಡಿಸಿ ಕಳುಹಿಸುವ ಸಮಾರಂಭವಲ್ಲ.

ತರಬೇತಿ ಕೇಂದ್ರಗಳು ಬೆಳೆದುಬಂದ ಬಗೆ

ಹಾಗೆಂದು ನಮ್ಮ ದೇಶದಲ್ಲಿ ತರಬೇತಿಯ ವ್ಯವಸ್ಥೆಯೇ ಇಲ್ಲವೆಂದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಅಧ್ಯಾಪಕರ ತರಬೇತಿಗೆಂದೇ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಆರಂಭಿಸಿತು. ಮುಂಬಯಿ ವಿಶ್ವವಿದ್ಯಾಲಯದಂತೆಯೇ ನಮ್ಮ ಮೈಸೂರು, ಬೆಂಗಳೂರು ಹಾಗೂ ಧಾರವಾಡದ ವಿಶ್ವವಿದ್ಯಾಲಯಗಳಿಗೂ ಇಂತಹ ಕೇಂದ್ರಗಳು ಬಂದವು. ಹೊಸದಾಗಿ ಸೇರಿದ ಅಧ್ಯಾಪಕರಿಗೆ ಓರಿಯೆಂಟೇಶನ್ ಕೋರ್ಸು, ಅನುಭವಿಗಳಿಗೆ ರಿಫ್ರೆಶರ್ ಕೋರ್ಸು ಎಂಬ ಪದ್ಧತಿ ರೂಢಿಗೆ ಬಂದಿತು. 2015ರಲ್ಲಿ ಇವುಗಳ ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದಾಯಿತು. 2023ರ ಸೆಪ್ಟಂಬರ್ 5ರಂದು, ಶಿಕ್ಷಕರ ದಿನದ ಸಂದರ್ಭದಲ್ಲಿ, ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಯೋಜನೆ ಆರಂಭವಾಗಿ ದೇಶಾದ್ಯಂತ 111 ಕೇಂದ್ರಗಳನ್ನು ಗುರುತಿಸಲಾಯಿತು. ಉನ್ನತ ಶಿಕ್ಷಣ ಕ್ಷೇತ್ರದ 15 ಲಕ್ಷ ಅಧ್ಯಾಪಕರನ್ನು ತಲುಪುವುದು ಇದರ ಗುರಿ. ಎಂಟು ವಿಷಯಗಳ ಪೈಕಿ ಶೈಕ್ಷಣಿಕ ನಾಯಕತ್ವ, ಆಡಳಿತ ಮತ್ತು ನಿರ್ವಹಣೆ ಎಂಬುದೂ ಒಂದು ಎಂಬುದು ಉಲ್ಲೇಖನೀಯ.

ಇದಕ್ಕೂ ಮೊದಲು 2018ರ ನವೆಂಬರ್‌ನಲ್ಲಿ 'ಲೀಪ್' ಎಂಬ ನಾಯಕತ್ವ ತರಬೇತಿ ಯೋಜನೆ ಆರಂಭಗೊಂಡಿತ್ತು. ಮುಂದೆ ಉನ್ನತ ಹುದ್ದೆಗೇರಬಲ್ಲ ಎರಡನೇ ಸಾಲಿನ ಪ್ರಾಧ್ಯಾಪಕರಿಗಾಗಿ ರೂಪಿಸಿದ ಮೂರು ವಾರಗಳ ಕಾರ್ಯಕ್ರಮವಿದು. ಎರಡು ವಾರ ಸ್ವದೇಶದಲ್ಲಿ, ಒಂದು ವಾರ ವಿದೇಶದ ವಿಶ್ವವಿದ್ಯಾಲಯದಲ್ಲಿ ತರಬೇತಿ. ದಿಲ್ಲಿಯಲ್ಲಿರುವ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ (ನೀಪಾ) ಕೂಡ ಶಿಕ್ಷಣ ಆಡಳಿತಗಾರರಿಗೆ ಬಹುಕಾಲದಿಂದ ತರಬೇತಿ ನೀಡುತ್ತಾ ಬಂದಿದೆ.

ಇವೆಲ್ಲವೂ ಶ್ಲಾಘನೀಯ. ಆದರೆ ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದು, ಅಧ್ಯಾಪಕರ ಬಡ್ತಿಗೆ ಈ ಕೋರ್ಸುಗಳ ಪ್ರಮಾಣಪತ್ರ ಅಗತ್ಯ. ಆದುದರಿಂದ ಕಲಿಯುವ ಆಸೆಯಿಂದ ಬರುವವರ ಜೊತೆಗೆ ಕಾಗದಕ್ಕಾಗಿ ಬರುವವರೂ ಇರುತ್ತಾರೆ. ಎರಡನೆಯದು, ತರಬೇತಿಯ ಹೆಚ್ಚಿನ ಪಾಲು ಬೋಧಕರಿಗೇ ಸಲ್ಲುತ್ತದೆ. ಬೋಧಕೇತರ ಸಿಬಂದಿಗೆ ಕೆಲವು ದಿನಗಳ ಶಿಬಿರಗಳಿದ್ದರೂ ಅವು ಅಲ್ಲೊಂದು ಇಲ್ಲೊಂದು. ವಿದ್ಯಾರ್ಥಿ ದಿನನಿತ್ಯ ಮುಖಾಮುಖಿಯಾಗುವುದು ಮಾತ್ರ ಇವರನ್ನೇ.

ಬ್ಯಾಂಕಿನಿಂದ ಕಲಿಯಬಹುದಾದದ್ದು

ಈ ಮಾತನ್ನು ನಮ್ಮವರಿಗೆ ಮನದಟ್ಟು ಮಾಡಲು ಬ್ಯಾಂಕುಗಳ ಉದಾಹರಣೆಗಿಂತ ಒಳ್ಳೆಯದು ಬೇರೆ ಇಲ್ಲ. ಕರಾವಳಿಯ ಮಣ್ಣಿನಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳಲ್ಲಿ ದುಡಿದವರು ಈ ಮಹಾನಗರದ ಹಾಗೂ ಪುಣೆಯ ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ವಿಜಯಾ ಬ್ಯಾಂಕ್ 2019ರ ಎಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದೊಂದಿಗೂ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರ ಎಪ್ರಿಲ್ 1ರಂದು ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳೊಂದಿಗೂ ವಿಲೀನಗೊಂಡು ಆ ಹೆಸರುಗಳು ಮರೆಯಾದವು. ಆದರೆ ಅವು ಕಟ್ಟಿದ್ದ ತರಬೇತಿಯ ಪರಂಪರೆಯನ್ನು ಮರೆಯುವಂತಿಲ್ಲ. ಸಿಂಡಿಕೇಟ್ ಬ್ಯಾಂಕ್ ಮಣಿಪಾಲದಲ್ಲಿ ತನ್ನದೇ ಆದ ತರಬೇತಿ ಸಂಸ್ಥೆಯನ್ನು ನಡೆಸುತ್ತಿತ್ತು. ಹೊಸದಾಗಿ ಸೇರಿದ ಗುಮಾಸ್ತನಿರಲಿ, ಮ್ಯಾನೇಜರ್ ಆಗಿ ಬಡ್ತಿ ಪಡೆದವರಿರಲಿ, ಗಂಟುಮೂಟೆ ಕಟ್ಟಿಕೊಂಡು ತರಬೇತಿ ಕೇಂದ್ರಕ್ಕೆ ಹೋಗಿ ಬರುವುದು ಬ್ಯಾಂಕಿನವರ ಬದುಕಿನ ಒಂದು ಭಾಗವೇ ಆಗಿತ್ತು.

ಲೆಡ್ಜರ್ ಹೋಗಿ ಕಂಪ್ಯೂಟರ್ ಬಂದಾಗ ಬ್ಯಾಂಕುಗಳ ಸಿಬಂದಿಯಲ್ಲಿ ಆತಂಕವಿರಲಿಲ್ಲವೇ? ಖಂಡಿತ ಇತ್ತು. ಐವತ್ತು ದಾಟಿದ ಹೆಡ್ ಕ್ಯಾಶಿಯರ್‌ಗಳು ಕೀಲಿಮಣೆ ಮುಟ್ಟಲು ಹಿಂಜರಿದದ್ದುಂಟು. ಆದರೆ ಅವರನ್ನು ತಂಡ ತಂಡವಾಗಿ ಕರೆಸಿ, ಕಲಿಸಿ, ಶಾಖೆಗೆ ಮರಳಿ ಕಳುಹಿಸಲಾಯಿತು. ತರಬೇತಿಯಲ್ಲಿ ಒಟ್ಟಿಗೆ ಊಟ ಮಾಡಿದ ಬೇರೆ ಶಾಖೆಯ ಗೆಳೆಯನಿಗೆ ಫೋನ್ ಮಾಡಿ 'ಇದು ಹೇಗೆ ಮಾರಾಯ' ಎಂದು ಕೇಳುವ ಸಲುಗೆಯೂ ಬೆಳೆಯಿತು. ನಾಯಕತ್ವ, ಸಂಪರ್ಕ, ಅನುಷ್ಠಾನ ಎಂಬ ದೊಡ್ಡ ದೊಡ್ಡ ಪದಗಳ ಹಿಂದಿರುವುದು ಇಷ್ಟೇ ಸರಳ ಸಂಗತಿ. ಒಂದು ಚೆಕ್ ತಡವಾದರೆ ಬಡ್ಡಿ ಕೊಟ್ಟು ಸರಿಪಡಿಸಬಹುದು. ವಿದ್ಯಾರ್ಥಿಯ ಒಂದು ವರ್ಷ ಹೋದರೆ ಅದಕ್ಕೆ ಬಡ್ಡಿ ಕಟ್ಟಿ ಕೊಡುವವರು ಯಾರು?

ಗಡಿ ದಾಟುವ ವಿದ್ಯಾರ್ಥಿಯ ಪಾಡು

ನಮ್ಮ ಸಮುದಾಯದಲ್ಲಿ ಮಕ್ಕಳು ಊರಿನಲ್ಲಿ ಪಿಯುಸಿ ಮುಗಿಸಿ ಮುಂಬಯಿಗೆ ಬರುವುದು, ಇಲ್ಲಿ ಹನ್ನೆರಡನೇ ತರಗತಿ ಮುಗಿಸಿ ಮಂಗಳೂರು, ಮಣಿಪಾಲ, ಬೆಂಗಳೂರಿಗೆ ಹೋಗುವುದು ಎರಡೂ ಸಾಮಾನ್ಯ. ಬೇರೆ ರಾಜ್ಯದ ಬೋರ್ಡಿನಿಂದ ಬಂದವರಿಗೆ ಇಲ್ಲಿ ಅರ್ಹತಾ ಪತ್ರ ಬೇಕು, ಮೈಗ್ರೇಶನ್ ಪ್ರಮಾಣಪತ್ರ ಬೇಕು. ಪದಗಳೂ ಗಡಿ ದಾಟಿದೊಡನೆ ಅರ್ಥ ಬದಲಿಸುತ್ತವೆ. ಕರ್ನಾಟಕದಲ್ಲಿ ಕುಲಪತಿ ಎಂದರೆ ವೈಸ್ ಚಾನ್ಸಲರ್. ಮಹಾರಾಷ್ಟ್ರದಲ್ಲಿ ವೈಸ್ ಚಾನ್ಸಲರ್ ಅವರು ಕುಲಗುರು, ಕುಲಪತಿ ಎಂದರೆ ಚಾನ್ಸಲರ್ ಆದ ರಾಜ್ಯಪಾಲರು. ಊರಿನಿಂದ ಅರ್ಜಿ ಬರೆದುಕೊಂಡು ಬಂದವರು 'ಕುಲಪತಿಗಳಿಗೆ' ಎಂದು ವಿಳಾಸ ಬರೆದರೆ ಅದು ಯಾರ ಮೇಜಿಗೆ ಹೋಗಬೇಕೆಂಬುದೇ ಗೊಂದಲ!

ಇದರ ಮೇಲೆ ನೀತಿಗಳ ಬದಲಾವಣೆ ಬೇರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. 2021-22ರಿಂದ ಅಲ್ಲಿ ನಾಲ್ಕು ವರ್ಷಗಳ ಪದವಿಯ ಹೊಸ ಪಠ್ಯಕ್ರಮ ಬಂದಿತು. ಸರಕಾರ ಬದಲಾದ ಬಳಿಕ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಗಿ, ಅದರ ಮಧ್ಯಂತರ ವರದಿಯ ಆಧಾರದಲ್ಲಿ 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಇತ್ತ ಮಹಾರಾಷ್ಟ್ರದಲ್ಲಿ 2023-24ರಿಂದ ಸ್ವಾಯತ್ತ ಕಾಲೇಜುಗಳಲ್ಲೂ, 2024-25ರಿಂದ ಉಳಿದ ಸಂಯೋಜಿತ ಕಾಲೇಜುಗಳಲ್ಲೂ ರಾಷ್ಟ್ರೀಯ ನೀತಿ ಜಾರಿಯಾಯಿತು. ಅಂದರೆ ಒಂದು ರಾಜ್ಯ ಹೊಸ ನೀತಿಯ ಪದವಿಯಿಂದ ಹಿಂದೆ ಸರಿದ ವರ್ಷವೇ ಇನ್ನೊಂದು ರಾಜ್ಯ ಅದನ್ನು ಎಲ್ಲ ಕಾಲೇಜುಗಳಿಗೂ ವಿಸ್ತರಿಸಿತು.

ಯಾವ ನೀತಿ ಸರಿ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಆದರೆ ಕರ್ನಾಟಕದ ಕಾಲೇಜಿನ ಗುಮಾಸ್ತರು ಮೂರೇ ವರ್ಷಗಳಲ್ಲಿ ಎರಡು ಬಾರಿ ಹೊಸ ಪಾಠ ಕಲಿಯಬೇಕಾಯಿತು ಎಂಬುದನ್ನು ಯೋಚಿಸಬೇಕು. 2021ರ ಜುಲೈಯಲ್ಲಿ ಆರಂಭಗೊಂಡ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಬ್ಯಾಂಕಿನ ಠೇವಣಿಯಂತೆ ಜಮೆಯಾಗುತ್ತವೆ, ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೋಗುವಾಗ ಅವನ್ನು ಬಳಸಿಕೊಳ್ಳಬಹುದು ಎಂಬುದು ಆಶಯ. ನಡುವೆ ಓದು ಬಿಟ್ಟವರು ಮರಳಿ ಬರಬಹುದು ಎಂಬುದೂ ಒಳ್ಳೆಯ ಮಾತೇ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಪರಂಪರೆಯ ನಮ್ಮವರಿಗೆ ಅರ್ಧಕ್ಕೆ ನಿಂತ ಓದಿನ ನೋವು ಗೊತ್ತು. ಅಂತಹವರ ಮಕ್ಕಳು ಕಿಟಕಿಯ ಮುಂದೆ ನಿಂತು, 'ನನ್ನ ಕ್ರೆಡಿಟ್‌ಗಳು ಇಲ್ಲಿ ಸಲ್ಲುತ್ತವೆಯೇ?' ಎಂದು ಕೇಳಿದಾಗ, ಒಳಗಿದ್ದವರಿಗೆ ಉತ್ತರ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಯಾರನ್ನು ಕೇಳಬೇಕೆಂಬುದಾದರೂ ಗೊತ್ತಿರಬೇಕು. ಎರಡೂ ಇಲ್ಲದಾಗ 'ನಾಳೆ ಬನ್ನಿ' ಎಂಬುದೇ ಉತ್ತರವಾಗುತ್ತದೆ.

ನಾಯಕತ್ವ ಕುರ್ಚಿಯಿಂದ ಬರುವುದಲ್ಲ

ಹಿಂದಿನವರು ಯಾವ ತರಬೇತಿ ಪಡೆದಿದ್ದರು ಎಂದು ಕೇಳುವವರುಂಟು. ಕರ್ನಾಟಕ ವಿಶ್ವವಿದ್ಯಾಲಯದ ಕಥೆಯನ್ನೇ ನೋಡಬಹುದು. ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗಾಗಿ 1949ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯ ಕಣ್ಣು ಬಿಟ್ಟದ್ದು ಈ ಮುಂಬಯಿಯಲ್ಲೇ ಎಂಬುದು ಇಂದಿನ ಪೀಳಿಗೆಗೆ ತಿಳಿದಿರಲಾರದು. ಅದೇ ವರ್ಷ ಕೇಂದ್ರ ಕಚೇರಿ ಧಾರವಾಡಕ್ಕೆ ಸ್ಥಳಾಂತರಗೊಂಡಿತು. 1954ರಿಂದ 1967ರ ವರೆಗೆ ಅದರ ಕುಲಪತಿಗಳಾಗಿದ್ದ ರ್ಯಾಂಗ್ಲರ್ ಡಿ.ಸಿ. ಪಾವಟೆಯವರು ಆ ಹುದ್ದೆಗೆ ಬರುವ ಮುನ್ನ ಮುಂಬಯಿ ಸರಕಾರದ ಶಿಕ್ಷಣ ಇಲಾಖೆಯಲ್ಲಿ ದುಡಿದು ನಿರ್ದೇಶಕರಾಗಿದ್ದವರು. ಕಡತ, ಆಯವ್ಯಯ, ಶಾಲೆ, ಕಾಲೇಜು ಎಲ್ಲದರ ಒಳಹೊರಗನ್ನು ಬಲ್ಲವರಾಗಿದ್ದರು. ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1956ರಿಂದ 1960ರ ವರೆಗೆ ಸೇವೆ ಸಲ್ಲಿಸಿ ಮಾನಸಗಂಗೋತ್ರಿಯನ್ನು ಕಟ್ಟಿದ ಕುವೆಂಪು ಅವರೂ ಅಧ್ಯಾಪಕರಾಗಿ, ಮಹಾರಾಜ ಕಾಲೇಜಿನ ಪ್ರಾಂಶುಪಾಲರಾಗಿ ಮೆಟ್ಟಿಲು ಹತ್ತಿ ಬಂದವರು. ಆ ಮೆಟ್ಟಿಲುಗಳೇ ಅವರ ತರಬೇತಿ ಕೇಂದ್ರಗಳಾಗಿದ್ದವು.

ಇಂದು ಕಾಲ ಬದಲಾಗಿದೆ. ಹಲವೆಡೆ ವಿಭಾಗದ ಮುಖ್ಯಸ್ಥರ ಹುದ್ದೆ ಸರದಿಯಂತೆ ಬದಲಾಗುತ್ತದೆ. ನಿನ್ನೆಯವರೆಗೆ ಪಾಠ ಹೇಳುತ್ತಿದ್ದವರು ಬೆಳಗಾಗುವುದರೊಳಗೆ ಆಯವ್ಯಯ, ನ್ಯಾಕ್ ಪರಿಶೀಲನೆ, ಮಾಹಿತಿ ಹಕ್ಕಿನ ಅರ್ಜಿ, ಸಿಬಂದಿಯ ರಜೆ ಎಲ್ಲವನ್ನೂ ನೋಡಬೇಕಾಗುತ್ತದೆ. ಅದನ್ನು ಹೇಗೆ ಮಾಡಬೇಕೆಂದು ಹೇಳಿಕೊಡುವವರಿಲ್ಲ. 2020ರ ನೀತಿಯಲ್ಲಿಯೇ ಇದಕ್ಕೊಂದು ಪರಿಹಾರ ಬರೆದಿಟ್ಟಿದ್ದಾರೆ. ನಾಯಕತ್ವದ ಗುಣವುಳ್ಳ ಅಧ್ಯಾಪಕರನ್ನು ಬೇಗನೆ ಗುರುತಿಸಿ ಹಂತ ಹಂತವಾಗಿ ಬೆಳೆಸಬೇಕು, ಉನ್ನತ ಹುದ್ದೆಗಳು ಖಾಲಿ ಇರಕೂಡದು, ಹಳಬರು ನಿರ್ಗಮಿಸುವ ಮುನ್ನವೇ ಹೊಸಬರು ಬಂದು ಕೆಲವು ಕಾಲ ಜೊತೆಯಾಗಿ ಕೆಲಸ ಮಾಡಬೇಕು ಎಂಬುದು ಆ ನೀತಿಯ ಆಶಯ. ಮನೆಯ ಸೊಸೆಗೆ ಅತ್ತೆ ಅಡುಗೆಮನೆಯ ಡಬ್ಬಿಗಳನ್ನು ತೋರಿಸಿ ಕೊಡುವಂತಹ ವಿವೇಕವಿದು. ಪ್ರಭಾರ ಅಧಿಕಾರಿಗಳಿಂದಲೇ ವರ್ಷ ಕಳೆಯುವ ಕಚೇರಿಗಳಲ್ಲಿ ಈ ಮಾತು ಕಾಗದದಲ್ಲೇ ಉಳಿದುಬಿಡುತ್ತದೆ.

ಸಂಪರ್ಕವೆಂಬ ಬಲ

ವಿಶ್ವವಿದ್ಯಾಲಯಗಳು ಪರಸ್ಪರ ಕೈ ಹಿಡಿದು ನಡೆಯಬೇಕೆಂಬ ಚಿಂತನೆ ಹೊಸದೇನಲ್ಲ. 1925ರಲ್ಲಿಯೇ ಅಂತರ ವಿಶ್ವವಿದ್ಯಾಲಯ ಮಂಡಳಿ ಸ್ಥಾಪನೆಗೊಂಡು, 1973ರಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಎಂಬ ಹೆಸರು ಪಡೆಯಿತು. ಆದರೆ ಕುಲಗುರುಗಳು ಸಭೆ ಸೇರಿದರೆ ಸಾಲದು. ಮಂಗಳೂರಿನ ಪರೀಕ್ಷಾ ವಿಭಾಗದವರಿಗೆ ಮುಂಬಯಿಯ ಅರ್ಹತಾ ವಿಭಾಗದವರ ಮುಖ ಪರಿಚಯವಿದ್ದರೆ, ತಿಂಗಳು ಹಿಡಿಯುವ ಪತ್ರ ವ್ಯವಹಾರ ಒಂದು ದೂರವಾಣಿ ಕರೆಯಲ್ಲಿ ಮುಗಿದೀತು. ಕೋವಿಡ್ ಕಾಲದಿಂದೀಚೆಗೆ ಬಹಳಷ್ಟು ತರಬೇತಿಗಳು ಆನ್‌ಲೈನ್ ಆಗಿವೆ. ಖರ್ಚು ಕಡಿಮೆ, ರಜೆ ಹಾಕಬೇಕಾಗಿಲ್ಲ, ಮನೆಯ ಹೊಣೆ ಹೊತ್ತ ಮಹಿಳಾ ಸಿಬಂದಿಗೂ ಅನುಕೂಲ ಎಂಬುದು ನಿಜ. ಆದರೆ ಕ್ಯಾಮರಾ ಮುಚ್ಚಿ ಹೆಸರಷ್ಟೇ ತೋರುವ ತೆರೆಯಲ್ಲಿ ಗೆಳೆತನ ಹುಟ್ಟುವುದು ಕಷ್ಟ.

ಈ ಸಂಪರ್ಕದ ಅಗತ್ಯ ಹೊರನಾಡಿನ ಕನ್ನಡ ವಿಭಾಗಗಳಿಗಂತೂ ಜೀವನ್ಮರಣದ ಪ್ರಶ್ನೆ. ಕಲಿನಾದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಚೆನ್ನೈಯ ಮದ್ರಾಸ್ ವಿಶ್ವವಿದ್ಯಾಲಯ, ಹೈದರಾಬಾದಿನ ಉಸ್ಮಾನಿಯಾ, ದಿಲ್ಲಿಯ ಜೆಎನ್‌ಯು ಮೊದಲಾದೆಡೆ ಕನ್ನಡದ ಅಧ್ಯಯನ ಅಧ್ಯಾಪನ ನಡೆದುಬಂದಿದೆ. ಬೆರಳೆಣಿಕೆಯ ಅಧ್ಯಾಪಕರಿರುವ ಇಂತಹ ವಿಭಾಗಗಳಲ್ಲಿ ಮುಖ್ಯಸ್ಥರೇ ಗುಮಾಸ್ತರೂ ಪ್ರಚಾರಕರೂ ಆಗಬೇಕಾಗುತ್ತದೆ. ಖಾಲಿ ಹುದ್ದೆಗೆ ಬೇಡಿಕೆ ಸಲ್ಲಿಸುವುದು ಹೇಗೆ, ಹೊಸ ನೀತಿಯ ಐಚ್ಛಿಕ ವಿಷಯಗಳಲ್ಲಿ ಕನ್ನಡಕ್ಕೆ ಜಾಗ ದೊರಕಿಸುವುದು ಹೇಗೆ, ಊರಿನ ಸಂಘ ಸಂಸ್ಥೆಗಳ ದತ್ತಿನಿಧಿಯನ್ನು ನಿಯಮಬದ್ಧವಾಗಿ ಪಡೆಯುವುದು ಹೇಗೆ ಎಂಬುದು ಸಾಹಿತ್ಯದ ಪಾಂಡಿತ್ಯದಿಂದಷ್ಟೇ ತಿಳಿಯುವುದಿಲ್ಲ. ಈ ವಿಭಾಗಗಳ ಮುಖ್ಯಸ್ಥರನ್ನು ವರ್ಷಕ್ಕೊಮ್ಮೆ ಒಂದು ವಾರ ಒಂದೇ ಸೂರಿನಡಿ ಕೂರಿಸಿ ಅನುಭವ ಹಂಚಿಕೊಳ್ಳಲು ಅವಕಾಶ ಮಾಡಿಕೊಟ್ಟರೆ, ಅದಕ್ಕಿಂತ ದೊಡ್ಡ ಕನ್ನಡ ಸೇವೆ ಬೇರೊಂದಿರಲಾರದು.

ಆಗಬೇಕಾದದ್ದೇನು?

ತರಬೇತಿಗೆ ಒಬ್ಬರನ್ನೇ ಕಳುಹಿಸುವ ಬದಲು ಒಂದೇ ಸಂಸ್ಥೆಯ ಪ್ರಾಂಶುಪಾಲರು, ಒಬ್ಬ ವಿಭಾಗ ಮುಖ್ಯಸ್ಥರು, ಕಚೇರಿ ಅಧೀಕ್ಷಕರು ಮತ್ತು ಕಿಟಕಿಯ ಗುಮಾಸ್ತರನ್ನು ಒಟ್ಟಿಗೆ ಕಳುಹಿಸುವುದು ಮೊದಲ ಕೆಲಸ. ಒಬ್ಬರೇ ಕಲಿತು ಬಂದರೆ 'ಇಲ್ಲಿ ಹಾಗೆಲ್ಲ ನಡೆಯುವುದಿಲ್ಲ' ಎಂಬ ಮಾತಿಗೆ ಅವರ ಉತ್ಸಾಹ ಎರಡೇ ದಿನಗಳಲ್ಲಿ ಇಳಿದುಹೋಗುತ್ತದೆ. ಎರಡನೆಯದಾಗಿ, ಪ್ರಮಾಣಪತ್ರ ನೀಡುವ ಮುನ್ನ ಪ್ರತಿ ತಂಡವೂ ತನ್ನ ಕಚೇರಿಯ ಒಂದು ತೊಡಕನ್ನು ಆರಿಸಿಕೊಂಡು, ಆರು ತಿಂಗಳಲ್ಲಿ ಅದನ್ನು ಎಷ್ಟು ಸರಿಪಡಿಸಿತು ಎಂಬುದನ್ನು ತೋರಿಸಬೇಕು. ಅರ್ಹತಾ ಪತ್ರಕ್ಕೆ ಮೊದಲು ಎಷ್ಟು ದಿನ ಬೇಕಾಗುತ್ತಿತ್ತು, ಈಗ ಎಷ್ಟು ಎಂಬ ಲೆಕ್ಕವೇ ತರಬೇತಿಯ ನಿಜವಾದ ಪರೀಕ್ಷೆ. ಮೂರನೆಯದಾಗಿ, ಯಾವುದೇ ಹೊಸ ಪದ್ಧತಿ ಜಾರಿಗೆ ಬರುವ ಮೊದಲು ಸಣ್ಣ ಪ್ರಮಾಣದ ಪ್ರಯೋಗ ಕಡ್ಡಾಯವಾಗಬೇಕು.

ಸಮುದಾಯದ ಪಾತ್ರವೂ ಇಲ್ಲಿದೆ. ಬಂಟರ ಸಂಘ ಪೊವಾಯಿ ಮತ್ತು ಕುರ್ಲಾದಲ್ಲಿ ನಡೆಸುವ ಕಾಲೇಜುಗಳಂತೆ ನಮ್ಮವರ ಆಡಳಿತದಲ್ಲಿರುವ ವಿದ್ಯಾಸಂಸ್ಥೆಗಳು ಈ ಮಹಾನಗರದಲ್ಲಿವೆ. ಇನ್ನೊಂದೆಡೆ ಬ್ಯಾಂಕು, ರೈಲ್ವೇ, ಎಲ್ಐಸಿಗಳಲ್ಲಿ ದಶಕಗಳ ಕಾಲ ದುಡಿದು, ಸ್ವತಃ ತರಬೇತಿ ಪಡೆದು, ಇತರರಿಗೂ ನೀಡಿ ನಿವೃತ್ತರಾದ ಅನುಭವಿಗಳು ನಮ್ಮ ಸಂಘಗಳ ಸಭೆಗಳಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ. ಅವರಿಗೆ ಶಾಲು ಹೊದಿಸಿ ಗೌರವಿಸುವುದು ಒಳ್ಳೆಯದೇ. ಅದರ ಜೊತೆಗೆ, ವರ್ಷಕ್ಕೆ ನಾಲ್ಕು ಶನಿವಾರ ಕಾಲೇಜಿನ ಕಚೇರಿ ಸಿಬಂದಿಗೆ ಪಾಠ ಹೇಳಿ ಎಂದು ವಿನಂತಿಸಿದರೆ ಅವರು ಇಲ್ಲವೆನ್ನಲಾರರು. ಇದಕ್ಕೆ ಸರಕಾರದ ಅನುದಾನವೂ ಬೇಕಾಗಿಲ್ಲ, ದಿಲ್ಲಿಯ ಆದೇಶವೂ ಬೇಕಾಗಿಲ್ಲ.

ನೀತಿಗಳು ಬರುತ್ತವೆ, ಹೋಗುತ್ತವೆ, ಕೇಂದ್ರಗಳ ಹೆಸರುಗಳೂ ಬದಲಾಗುತ್ತವೆ. ಜೂನ್ ತಿಂಗಳ ಮಳೆಯಲ್ಲಿ ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದೊಳಗೆ ಜೋಪಾನ ಮಾಡಿಕೊಂಡು ಸಾಲಿನಲ್ಲಿ ನಿಂತ ವಿದ್ಯಾರ್ಥಿಗೆ ಬೇಕಾಗಿರುವುದು ಒಂದು ಸ್ಪಷ್ಟ ಉತ್ತರ. ಅದನ್ನು ಕೊಡಬಲ್ಲ ವ್ಯಕ್ತಿಯನ್ನು ಸಜ್ಜುಗೊಳಿಸುವುದು ವಿಶ್ವವಿದ್ಯಾಲಯದ ಹೊಣೆಯಾದರೆ, ಅದನ್ನು ಕೇಳಿ ಪಡೆಯುವುದು ಹೆತ್ತವರಾದ ನಮ್ಮ ಹಕ್ಕು. ಮುಂದಿನ ಪ್ರವೇಶದ ಋತುವಿಗೆ ಮುನ್ನ ನಮ್ಮ ಆಡಳಿತ ಮಂಡಳಿಗಳು ಇತ್ತ ಗಮನ ಹರಿಸಲಿ ಎಂಬುದೇ ಆಶಯ.